ಟೊರೆ ಅರ್ಜೆಂಟಿನಾದ ಬೆಕ್ಕುಗಳು: ರೋಮ್‌ನ ಒಂದು ನೆಲಮಾಳಿಗೆಯ ಪ್ರಕರಣ

2012ರ ಶರತ್ಕಾಲದಲ್ಲಿ ರೋಮ್ ನಗರದ ಟೊರೆ ಅರ್ಜೆಂಟಿನಾ ಚೌಕದಲ್ಲಿ, ಅಗೆದು ತೆಗೆದ ಅವಶೇಷಗಳ ಒಂದೇ ಹಳ್ಳದಿಂದ ಎರಡು ಸುದ್ದಿಗಳು ಎದ್ದುಬಂದವು. ಜೂಲಿಯಸ್ ಸೀಸರ್ ಇರಿತಕ್ಕೆ ಒಳಗಾಗಿ ಬಿದ್ದ ಜಾಗದ ಗುರುತು ಸಿಕ್ಕಿದೆ ಎಂದು ಸ್ಪೇನ್‌ನ ಸಂಶೋಧಕರು ಅಕ್ಟೋಬರ್‌ನಲ್ಲಿ ಪ್ರಕಟಿಸಿದರು. ಕ್ರಿ.ಪೂ. 44ರ ಆ ಕೊಲೆಯ ಜಾಗವನ್ನು ಶಾಪಗ್ರಸ್ತವೆಂದು ಮುಚ್ಚಲು ಸೀಸರ್‌ನ ಉತ್ತರಾಧಿಕಾರಿ ಆಗಸ್ಟಸ್ ಹಾಕಿಸಿದ, ಸುಮಾರು 3 ಮೀಟರ್ ಅಗಲದ ಗಾರೆಯ ಕಟ್ಟಡವೊಂದು ಇಲ್ಲಿದೆ ಎಂಬುದು ಅವರ ವಾದವಾಗಿತ್ತು. ಜಗತ್ತಿನ ಪತ್ರಿಕೆಗಳು ಅದನ್ನು ದೊಡ್ಡದಾಗಿ ಬರೆದವು. ಅದರ ಬೆನ್ನಿಗೇ ಇನ್ನೊಂದು ಸುದ್ದಿ ಬಂತು: ಅದೇ ಹಳ್ಳದ ಒಂದು ಮೂಲೆಯಲ್ಲಿ, ರಸ್ತೆಯ ಅಡಿಯ ನೆಲಮಾಳಿಗೆಯಂಥ ಜಾಗದಲ್ಲಿ, ಸುಮಾರು ಇಪ್ಪತ್ತು ವರ್ಷಗಳಿಂದ ನಡೆದುಬಂದ ಬೆಕ್ಕುಗಳ ಆಶ್ರಯತಾಣವು ಅಕ್ರಮ, ಅದು ಜಾಗ ಖಾಲಿ ಮಾಡಬೇಕು ಎಂದು ಸರ್ಕಾರದ ಪುರಾತತ್ವ ಅಧಿಕಾರಿಗಳು ಪಟ್ಟು ಹಿಡಿದಿದ್ದರು.

ಈ ಬರಹ ಎರಡನೆಯ ಸುದ್ದಿಯನ್ನು ಕುರಿತದ್ದು. ಬೆಕ್ಕುಗಳ ಕ್ಷೇಮಕ್ಕಾಗಿ ದುಡಿಯುವ ಸಂಸ್ಥೆಯೊಂದು ಹೇಗೆ ಹುಟ್ಟುತ್ತದೆ, ಹೇಗೆ ಬೆಳೆಯುತ್ತದೆ, ಕುತ್ತಿಗೆಗೆ ಬಂದಾಗ ಏನು ಅದನ್ನು ಕಾಯುತ್ತದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಬೇರೆ ಪ್ರಕರಣ ನನಗೆ ಗೊತ್ತಿಲ್ಲ.

ಹಳ್ಳ ಮತ್ತು ಅದರ ವಾಸಿಗಳು

ಲಾರ್ಗೊ ದಿ ಟೊರೆ ಅರ್ಜೆಂಟಿನಾ ರೋಮ್‌ನ ನಡುಮಧ್ಯದ ಒಂದು ಚೌಕ. ಹೆಸರಿಗೂ ದಕ್ಷಿಣ ಅಮೆರಿಕದ ದೇಶಕ್ಕೂ ಸಂಬಂಧವಿಲ್ಲ. ಪೋಪ್ ಆಸ್ಥಾನದಲ್ಲಿ ವಿಧಿವಿಧಾನಗಳ ಮೇಲ್ವಿಚಾರಕನಾಗಿದ್ದ ಬುರ್ಕಾರ್ಟ್ ಎಂಬಾತ ಸ್ಟ್ರಾಸ್‌ಬರ್ಗ್ ಕಡೆಯವನು. ಆ ಊರಿನ ಲ್ಯಾಟಿನ್ ಹೆಸರು ಅರ್ಜೆಂಟೊರಾಟಂ. ಅವನ ಮನೆಯ ಗೋಪುರದಿಂದ ಚೌಕಕ್ಕೆ ಈ ಹೆಸರು ಬಂತು. 1926ರಿಂದ ಇಲ್ಲಿನ ಹಳೆಯ ಮನೆಗಳನ್ನು ಕೆಡವಿ ಹೊಸ ಕಟ್ಟಡ ಎಬ್ಬಿಸುವ ಕೆಲಸ ನಡೆದಿತ್ತು. ಅಗೆಯುತ್ತ ಹೋದಂತೆ ನೆಲದಡಿಯಿಂದ ಗಣರಾಜ್ಯ ಕಾಲದ ನಾಲ್ಕು ದೇವಾಲಯಗಳು ಎದ್ದವು, ಬೃಹತ್ ಪ್ರತಿಮೆಯೊಂದರ ಅಮೃತಶಿಲೆಯ ತಲೆಯೂ ಸಿಕ್ಕಿತು. ಕಟ್ಟುವ ಯೋಜನೆಯನ್ನು ಕೈಬಿಟ್ಟರು. 1929ರ ಏಪ್ರಿಲ್ 21ರಂದು, ಅಂದರೆ ರೋಮ್ ಹುಟ್ಟಿದ ದಿನವೆಂದು ಅಲ್ಲಿನವರು ಆಚರಿಸುವ ದಿನ, ಮುಸೊಲಿನಿ ಈ ಅವಶೇಷಗಳನ್ನು ಉದ್ಘಾಟಿಸಿದ. ಆಮೇಲೆ ಸುತ್ತ ಕಂಬಿ ಬೇಲಿ ಬಂತು. ಜನ ಮೇಲಿನ ರಸ್ತೆಯಲ್ಲಿ ನಿಂತು ಬಗ್ಗಿ ನೋಡಬಹುದಿತ್ತು, ಇಳಿಯುವಂತಿರಲಿಲ್ಲ.

ಮನುಷ್ಯರಿಗೆ ಬಾಗಿಲು ಹಾಕಿದ ಈ ಜಾಗ ಬೆಕ್ಕುಗಳಿಗೆ ಹೇಳಿ ಮಾಡಿಸಿದಂತಿತ್ತು. ಬೀದಿಯ ಮಟ್ಟಕ್ಕಿಂತ ಹಲವು ಮೀಟರ್ ಕೆಳಗೆ, ವಾಹನದ ಭಯವಿಲ್ಲದೆ, ನಾಯಿಗಳ ಕಾಟವಿಲ್ಲದೆ, ಹಗಲೆಲ್ಲ ಬಿಸಿಲು ಕುಡಿದು ಬೆಚ್ಚಗಾಗುವ ಕಲ್ಲುಗಳ ನಡುವೆ ಮರಿ ಹಾಕಲು ಬೇಕಾದಷ್ಟು ಸಂದುಗಳು. ಅಗೆತ ಮುಗಿದ ಕಾಲದಿಂದಲೂ ಅಲ್ಲಿ ಬೆಕ್ಕುಗಳಿವೆ. ಬೆಕ್ಕುಗಳ ಹಿಂದೆಯೇ ಅವಕ್ಕೆ ಅನ್ನ ಹಾಕುವ ಹೆಂಗಸರೂ ಬಂದರು. ಇಟಲಿಯಲ್ಲಿ ಅವರನ್ನು ಗತ್ತಾರೆ ಎನ್ನುತ್ತಾರೆ. ಬೆಕ್ಕಮ್ಮಂದಿರು ಎಂದರೆ ನಮ್ಮ ಕಿವಿಗೆ ಸರಿಯಾದೀತು. ಹೆಚ್ಚಿನವರು ವಯಸ್ಸಾದವರು, ಹೆಚ್ಚಿನವರು ಬಡವರು. ಸಂಜೆ ಕಾಗದದಲ್ಲಿ ಕಟ್ಟಿದ ಪಾಸ್ತಾ, ಮೀನಿನ ತಲೆ, ಮಾಂಸದ ಚೂರು ಹಿಡಿದು ಕಂಬಿಯ ಬಳಿ ಬರುವವರು. ನೆರೆಹೊರೆಯವರು ಅವರನ್ನು ಅರೆಹುಚ್ಚಿಯರೆಂದು ನೋಡಿದ್ದೂ ಉಂಟು. ಚೌಕದ ಅಂಚಿನಲ್ಲೇ ಇರುವ ಅರ್ಜೆಂಟಿನಾ ರಂಗಮಂದಿರದಲ್ಲಿ ಕೆಲಸವಿದ್ದಾಗ ನಟಿ ಆನ್ನಾ ಮಾನ್ಯಾನಿ ಬಿಡುವು ಮಾಡಿಕೊಂಡು ಈ ಬೆಕ್ಕುಗಳಿಗೆ ತಿನಿಸು ಹಾಕುತ್ತಿದ್ದರು ಎಂದು ರೋಮ್‌ನವರು ಇಂದಿಗೂ ಹೆಮ್ಮೆಯಿಂದ ನೆನೆಯುತ್ತಾರೆ. ಅದೇ ರಂಗಮಂದಿರದಲ್ಲಿ 1816ರ ಫೆಬ್ರವರಿಯಲ್ಲಿ ಒಂದು ಒಪೆರಾದ ಮೊದಲ ಪ್ರದರ್ಶನದ ನಡುವೆ ಬೆಕ್ಕೊಂದು ವೇದಿಕೆಗೆ ನುಗ್ಗಿತೆಂದೂ ಪ್ರೇಕ್ಷಕರು ಮಿಯಾಂವ್ ಎಂದು ಕೂಗಿ ಪ್ರದರ್ಶನವನ್ನೇ ಕೆಡಿಸಿದರೆಂದೂ ಒಂದು ಕಥೆಯಿದೆ. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಬೆಕ್ಕಿನ ಹೆಸರಿನದೇ ಒಂದು ಬೀದಿಯಿದೆ. ಈಜಿಪ್ಟಿನ ದೇವತೆ ಐಸಿಸ್‌ಳ ಪ್ರಾಚೀನ ದೇವಾಲಯದಿಂದ ಬಂದ ಅಮೃತಶಿಲೆಯ ಪುಟ್ಟ ಬೆಕ್ಕೊಂದು ಅಲ್ಲಿನ ಅರಮನೆಯ ಅಂಚಿನ ಮೇಲೆ ಕುಳಿತಿದೆ.

ಅನ್ನ ಹಾಕಿದರೆ ಸಾಲದು

ಈಗ ಕಷ್ಟದ ಮಾತು. ಆರು ದಶಕಗಳ ಕಾಲ ಆ ಹೆಂಗಸರು ಪ್ರೀತಿಯಿಂದ ಉಣಿಸಿದರು, ಆದರೆ ಬೆಕ್ಕುಗಳ ಸ್ಥಿತಿ ಸುಧಾರಿಸಲಿಲ್ಲ. ಇದಕ್ಕೆ ಲೆಕ್ಕ ಸರಳ. ಹೆಣ್ಣು ಬೆಕ್ಕು ಐದಾರು ತಿಂಗಳಿಗೇ ಬೆದೆಗೆ ಬರುತ್ತದೆ. ಗರ್ಭದ ಅವಧಿ ಒಂಬತ್ತು ವಾರ. ವರ್ಷಕ್ಕೆ ಎರಡು, ಕೆಲವೊಮ್ಮೆ ಮೂರು ಸೂಲು; ಒಂದೊಂದಕ್ಕೂ ನಾಲ್ಕೈದು ಮರಿ. ಹೊಟ್ಟೆಗೆ ಸಿಕ್ಕಷ್ಟೂ ಸಂತತಿ ಬೆಳೆಯುತ್ತದೆ, ಸಂತತಿ ಬೆಳೆದಷ್ಟೂ ಒಬ್ಬೊಬ್ಬರ ಪಾಲಿನ ತುತ್ತು ಕಡಿಮೆಯಾಗುತ್ತದೆ. ಕಣ್ಣು ತೆರೆಯುವ ಮೊದಲೇ ಕೀವು ಕಟ್ಟಿ ಕುರುಡಾಗುವ ಮರಿಗಳು, ಶೀತಜ್ವರದಲ್ಲಿ ಮೂಗು ಕಟ್ಟಿ, ವಾಸನೆ ಸಿಗದೆ, ಎದುರಿಗಿದ್ದ ಅನ್ನವನ್ನೂ ತಿನ್ನದೆ ಸಾಯುವ ಮರಿಗಳು. ಇವನ್ನು ನೋಡಿದವರಿಗೆ ಅನ್ನ ಹಾಕುವುದೊಂದೇ ದಯೆ ಎಂದು ಅನ್ನಿಸುವುದಿಲ್ಲ.

ಇನ್ನೊಂದು ತೊಂದರೆಯೂ ಇತ್ತು. ಇದು ಬೆಕ್ಕುಗಳಿರುವ ಜಾಗವೆಂದು ಊರಿಗೆಲ್ಲ ಗೊತ್ತಾದ ಮೇಲೆ, ಬೇಡವಾದ ಬೆಕ್ಕನ್ನು ತಂದು ಕಂಬಿಯ ಸಂದಿನಲ್ಲಿ ತಳ್ಳಿಹೋಗುವವರು ಹೆಚ್ಚಿದರು. ಅನ್ನ ಹಾಕುವ ಜಾಗವೇ ಬಿಸಾಡುವ ಜಾಗವೂ ಆಯಿತು. ಆಗಸ್ಟ್‌ನಲ್ಲಿ ಇಟಲಿಯೇ ರಜೆಗೆ ಹೊರಡುವಾಗ ಇದು ವಿಪರೀತ. ಇದನ್ನು ಓದಿ ಇಟಲಿಯವರ ಬಗ್ಗೆ ಬೇಸರಪಡುವ ಮೊದಲು ನಮ್ಮೂರುಗಳನ್ನು ನೆನೆಯಬೇಕು. ಮರಿಗಳನ್ನು ಗೋಣಿಚೀಲದಲ್ಲಿ ಕಟ್ಟಿ ಮೀನು ಮಾರುಕಟ್ಟೆಯ ಹಿಂದೆಯೋ ದೇವಸ್ಥಾನದ ಬಳಿಯೋ ಬಿಟ್ಟುಬಂದು, ಅಲ್ಲಿ ಹೇಗೂ ಬದುಕಿಕೊಳ್ಳುತ್ತವೆ ಎಂದು ಸಮಾಧಾನ ಹೇಳಿಕೊಳ್ಳುವ ಮನೆಗಳು ನಮ್ಮಲ್ಲಿ ಕಡಿಮೆಯೇನಿಲ್ಲ. ತಾಯಿಬೆಕ್ಕು ಮರಿಗಳನ್ನು ಏಳು ಮನೆ ಸುತ್ತಿಸುವುದು ಕಾಪಾಡಲು. ನಾವು ಸುತ್ತಿಸುವುದು ಕಣ್ಣಿಗೆ ಕಾಣದಿರಲೆಂದು.

ಇಬ್ಬರು ಮಹಿಳೆಯರು, ಒಂದು ಕಾನೂನು

1990ರ ದಶಕದ ಆರಂಭದಲ್ಲಿ ಲಿಯಾ ದೆಕೆಲ್ ಮತ್ತು ಸಿಲ್ವಿಯಾ ವಿವಿಯಾನಿ ಎಂಬ ಇಬ್ಬರು ಈ ಹಳ್ಳಕ್ಕೆ ಬಂದರು. ವಿವಿಯಾನಿ ಒಪೆರಾ ಗಾಯಕಿಯಾಗಿದ್ದವರು. ಬಂದದ್ದು ಅಲ್ಲಿ ಒಂಟಿಯಾಗಿ ದುಡಿದು ಸುಸ್ತಾಗಿದ್ದ ಮಹಿಳೆಗೆ ಕೈಜೋಡಿಸಲು. ಉಳಿದದ್ದು ದಶಕಗಳ ಕಾಲ. ರಸ್ತೆಯನ್ನು ಹೊರಲು ಕಟ್ಟಿದ ಕಂಬಗಳ ನಡುವೆ, ಡಿ ದೇವಾಲಯವೆಂದು ಕರೆಯುವ ಅವಶೇಷಕ್ಕೆ ಅಂಟಿಕೊಂಡಂತೆ, ಗುಹೆಯಂಥ ಒಂದು ಜಾಗ ಉಳಿದುಹೋಗಿತ್ತು. ಅದೇ ಆಶ್ರಯತಾಣವಾಯಿತು. ಚಾವಣಿ ಎಷ್ಟು ತಗ್ಗೆಂದರೆ ಕೆಲವು ಕಡೆ ನೆಟ್ಟಗೆ ನಿಲ್ಲಲಾಗದು. ಗೋಡೆಗಳಲ್ಲಿ ಸದಾ ತೇವ. ಸೊಂಟ ಬಾಗಿಸಿಕೊಂಡು ಪಂಜರ ತೊಳೆಯುವುದು, ಸೊಂಟ ಬಾಗಿಸಿಕೊಂಡೇ ಔಷಧಿ ಕುಡಿಸುವುದು. ಬೆದರಿದ ಬೆಕ್ಕಿಗೆ ಗುಳಿಗೆ ನುಂಗಿಸಿದವರಿಗೆ ಮಾತ್ರ ಅದು ಎಂಥ ಕೆಲಸವೆಂದು ಗೊತ್ತು: ಟವೆಲಿನಲ್ಲಿ ಸುತ್ತಿ, ಮೊಣಕೈಯಿಂದ ಮೆಲ್ಲನೆ ಒತ್ತಿಹಿಡಿದು, ದವಡೆಯ ಮೂಲೆಯಿಂದ ಬಾಯಿ ಬಿಡಿಸಿ, ನಾಲಿಗೆಯ ಹಿಂಭಾಗಕ್ಕೆ ಗುಳಿಗೆ ಜಾರಿಸಿ, ಗಂಟಲು ಸವರುತ್ತ ಕಾಯಬೇಕು. ಅರ್ಧ ಗಂಟೆಯ ಮೇಲೆ ಆ ಗುಳಿಗೆ ಪಂಜರದ ಮೂಲೆಯಲ್ಲಿ ಬಿದ್ದಿರುತ್ತದೆ. ಮತ್ತೆ ಮೊದಲಿನಿಂದ.

ಅವರ ಅದೃಷ್ಟಕ್ಕೆ ಆ ಹೊತ್ತಿಗೆ ಇಟಲಿಯ ಕಾನೂನು ಬದಲಾಗಿತ್ತು. 1991ರ ಆಗಸ್ಟ್ 14ರ 281ನೇ ಸಂಖ್ಯೆಯ ಕಾನೂನು ಬೀದಿ ಪ್ರಾಣಿಗಳ ವಿಷಯದಲ್ಲಿ ಒಂದು ದೊಡ್ಡ ತಿರುವು. ಸ್ವತಂತ್ರವಾಗಿ ಬದುಕುವ ಬೆಕ್ಕುಗಳಿಗೆ ಹಿಂಸೆ ಕೊಡುವಂತಿಲ್ಲ. ಸ್ಥಳೀಯ ಆರೋಗ್ಯ ಇಲಾಖೆಯ ಪಶುವೈದ್ಯರು ಅವಕ್ಕೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ ಮರಳಿ ಅದೇ ಗುಂಪಿಗೆ ಬಿಡಬೇಕು. ತೀವ್ರ ಕಾಯಿಲೆಯ ಇಲ್ಲವೇ ವಾಸಿಯಾಗದ ಬೆಕ್ಕಿಗೆ ಮಾತ್ರ ದಯಾಮರಣ. ಇದೆಲ್ಲಕ್ಕಿಂತ ಮುಖ್ಯವಾದ ಒಂದು ಸಾಲು ಅದರಲ್ಲಿದೆ: ಪ್ರಾಣಿ ರಕ್ಷಣಾ ಸಂಘಗಳು ಆರೋಗ್ಯ ಇಲಾಖೆಯೊಡನೆ ಒಪ್ಪಂದ ಮಾಡಿಕೊಂಡು ಬೆಕ್ಕುಗಳ ಗುಂಪನ್ನು ನೋಡಿಕೊಳ್ಳಬಹುದು. ಆವರೆಗೆ ಕಂಬಿಯ ಬಳಿ ಕದ್ದುಮುಚ್ಚಿ ಅನ್ನ ಹಾಕುತ್ತಿದ್ದ ಹೆಂಗಸಿಗೆ ಈ ಸಾಲು ಒಂದು ಸ್ಥಾನ ಕೊಟ್ಟಿತು. ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದ ಬುಡ ಇದೇ. ಬೀದಿಯ ಪ್ರಾಣಿಗೆ ಹಕ್ಕು ಕೊಡುವ ಕಾನೂನುಗಳು ಬೇರೆಡೆಯೂ ಇವೆ. ಅದನ್ನು ಸಾಕುವ ಮನುಷ್ಯರ ಕೆಲಸವನ್ನು ಕೆಲಸವೆಂದು ಗುರುತಿಸುವವು ಅಪರೂಪ. ಹಿಡಿದು, ಶಸ್ತ್ರಚಿಕಿತ್ಸೆ ಮಾಡಿಸಿ, ಅದೇ ಜಾಗಕ್ಕೆ ಬಿಡುವ ತತ್ವ ನಮಗೂ ಹೊಸದಲ್ಲ. ನಮ್ಮ ದೇಶದಲ್ಲಿ ಬೀದಿ ನಾಯಿಗಳಿಗೆ 2001ರ ನಿಯಮಗಳು ಹೇಳಿದ್ದೂ ಇದನ್ನೇ.

ಮರಳಿ ಅದೇ ಜಾಗಕ್ಕೆ ಏಕೆ ಬಿಡಬೇಕು ಎಂದು ಕೇಳುವವರಿರುತ್ತಾರೆ. ಬೆಕ್ಕುಗಳನ್ನೆಲ್ಲ ಎತ್ತಿ ಒಯ್ದರೆ ಜಾಗ ಖಾಲಿಯಾಗಿ ಉಳಿಯುವುದಿಲ್ಲ. ಬೆಚ್ಚನೆಯ ಸಂದುಗಳು ಅಲ್ಲೇ ಇವೆ, ಇಲಿಗಳು ಅಲ್ಲೇ ಇವೆ. ಪಕ್ಕದ ಬೀದಿಗಳಿಂದ ಹೊಸ ಬೆಕ್ಕುಗಳು ಬಂದು ಸೇರಿ, ಶಸ್ತ್ರಚಿಕಿತ್ಸೆಯಾಗದ ಕಾರಣ, ಮತ್ತೆ ಮರಿ ಹಾಕತೊಡಗುತ್ತವೆ. ಚಿಕಿತ್ಸೆಯಾದ ಬೆಕ್ಕು ತನ್ನ ಸೀಮೆ ಬಿಟ್ಟುಕೊಡದೆ ಆ ಜಾಗವನ್ನು ತುಂಬಿಕೊಂಡಿರುತ್ತದೆ. ಗಂಡುಗಳ ರಾತ್ರಿಯ ಕಾದಾಟ, ಅರಚಾಟ, ಮೂತ್ರದ ಗಾಟು ಇಳಿಯುತ್ತದೆ. ಕಚ್ಚಾಟದಿಂದ ಹರಡುವ ರೋಗಗಳೂ ಇಳಿಯುತ್ತವೆ. ಹೊಸದಾಗಿ ತಂದು ಬಿಟ್ಟ ಬೆಕ್ಕು ಯಾವುದು, ಹಳೆಯದು ಯಾವುದು ಎಂದು ತಿಳಿಯಲು ಚಿಕಿತ್ಸೆಯಾದ ಬೆಕ್ಕಿನ ಕಿವಿಯ ತುದಿಯಲ್ಲಿ ಸಣ್ಣದೊಂದು ಕಚ್ಚು ಹಾಕಿರುತ್ತಾರೆ. ದೂರದಿಂದ ನೋಡುವವರಿಗೆ ಅದು ಗಾಯದ ಗುರುತು. ಬಲ್ಲವರಿಗೆ, ಈ ಬೆಕ್ಕಿನ ಪರವಾಗಿ ಒಬ್ಬರು ಓಡಾಡಿದ್ದಾರೆ ಎಂಬುದರ ಗುರುತು.

ದುಡ್ಡು ಎಲ್ಲಿಂದ? ಮೊದಲ ಗಟ್ಟಿ ನೆರವು ಬಂದದ್ದು ಇಟಲಿಯ ಪ್ರಾಣಿಗಳಿಗಾಗಿ ಬ್ರಿಟನ್‌ನಲ್ಲಿ ಕಟ್ಟಿದ ಆಂಗ್ಲೋ-ಇಟಾಲಿಯನ್ ಪ್ರಾಣಿ ರಕ್ಷಣಾ ಸಂಘದಿಂದ. ಆಮೇಲೆ ಇವರು ಕಣ್ಣೆದುರಿಗೇ ಇದ್ದ ದಾರಿ ಹಿಡಿದರು. ಕಂಬಿಗೆ ಒರಗಿ ಅವಶೇಷಗಳ ಫೋಟೊ ತೆಗೆಯುವ ಪ್ರವಾಸಿಗರು ದಿನವಿಡೀ ಅಲ್ಲಿರುತ್ತಿದ್ದರು, ಅವರ ಕಣ್ಣು ಕಂಬಗಳಿಗಿಂತ ಹೆಚ್ಚಾಗಿ ಬೆಕ್ಕುಗಳ ಮೇಲೆಯೇ ನಿಲ್ಲುತ್ತಿತ್ತು. ಇವರು ಅವರ ಬಳಿಗೆ ಹೋಗಿ, ಬನ್ನಿ, ಇಳಿದು ನೋಡಿ ಎಂದು ಕರೆದರು. ಬಾಗಿಲನ್ನು ಎಲ್ಲರಿಗೂ ತೆರೆದರು. ಮುದ್ದಾಡಲು ಬಂದವರು ಹುಂಡಿಗೆ ನಾಲ್ಕು ಕಾಸು ಹಾಕಿದರು, ಪುಟ್ಟ ಅಂಗಡಿಯಲ್ಲಿ ಒಂದು ಕ್ಯಾಲೆಂಡರ್ ಕೊಂಡರು, ಕೆಲವರು ಊರಿಗೆ ಮರಳಿದ ಮೇಲೂ ತಿಂಗಳು ತಿಂಗಳು ಒಂದು ಬೆಕ್ಕಿನ ಖರ್ಚು ಕಳಿಸಿದರು. ದೂರದ ದತ್ತು ಎಂಬ ಈ ಏರ್ಪಾಟು ಮುಖ್ಯವಾಗಿ ಮನೆಗೆ ಒಯ್ಯಲು ಯಾರೂ ಮುಂದೆ ಬಾರದ ಬೆಕ್ಕುಗಳಿಗಾಗಿ: ಒಂದು ಕಣ್ಣಿನವು, ಮೂರು ಕಾಲಿನವು, ಕುರುಡಾದವು, ಮುಪ್ಪಾದವು. ಆರೋಗ್ಯವಂತ, ಮನುಷ್ಯರಿಗೆ ಒಗ್ಗಿದ ಬೆಕ್ಕುಗಳಿಗೆ ಮನೆ ಹುಡುಕಿ ಕೊಡುತ್ತಾರೆ. ಹೀಗಾಗಿ ತಾಣದಲ್ಲಿ ಉಳಿಯುವವು ಹೆಚ್ಚಾಗಿ ಊನವಾದವು ಮತ್ತು ಕಾಯಿಲೆಯವು. ಹೊಸಬರು ಒಳಗೆ ಬಂದು ಇದೇನು, ಎಲ್ಲ ಬೆಕ್ಕುಗಳೂ ಹೀಗಿವೆ ಎಂದು ಮರುಗಿದರೆ, ಅದು ನಿರ್ಲಕ್ಷ್ಯದ ಫಲವಲ್ಲ. ಉಳಿದವು ಮನೆ ಸೇರಿದ್ದರ ಫಲ.

ದತ್ತು ಕೊಡುವುದಕ್ಕಿಂತ ಹೆಚ್ಚಿನ ಕೆಲಸ ಆ ಹಳ್ಳದ ಹೊರಗೆ ನಡೆಯಿತು. ನಗರದ ಬೇರೆ ಬೇರೆ ಗುಂಪುಗಳನ್ನು ನೋಡಿಕೊಳ್ಳುವ ಬೆಕ್ಕಮ್ಮಂದಿರಿಗೆ ಇವರು ಶಸ್ತ್ರಚಿಕಿತ್ಸೆಯ ದಾರಿ ತೋರಿಸಿದರು, ನೆರವಾದರು. ಶಸ್ತ್ರಚಿಕಿತ್ಸೆ ಮಾಡಿಸಿದ ಬೆಕ್ಕುಗಳ ಲೆಕ್ಕ ವರ್ಷಗಳು ಉರುಳಿದಂತೆ ಸಾವಿರಗಳನ್ನು ದಾಟಿತು. 2001ರಲ್ಲಿ ರೋಮ್ ನಗರಸಭೆಯು ಕೊಲೋಸಿಯಂ, ಫೋರಂ, ಟೊರೆ ಅರ್ಜೆಂಟಿನಾದಂಥ ಅವಶೇಷಗಳಲ್ಲಿ ವಾಸಿಸುವ ಬೆಕ್ಕುಗಳನ್ನು ನಗರದ ಜೈವಿಕ-ಸಾಂಸ್ಕೃತಿಕ ಪರಂಪರೆಯ ಭಾಗವೆಂದು ಘೋಷಿಸಿತು. 2004ರ ಇನ್ನೊಂದು ಕಾನೂನು ಸಾಕುಪ್ರಾಣಿಯನ್ನು ಬೀದಿಗೆ ಬಿಡುವುದನ್ನು ಒಂದು ವರ್ಷದವರೆಗಿನ ಸೆರೆವಾಸ ಇಲ್ಲವೇ 1,000ದಿಂದ 10,000 ಯೂರೊವರೆಗಿನ ದಂಡದ ಅಪರಾಧವಾಗಿಸಿತು. ಬಿಡುವವರು ಬಿಡುತ್ತಲೇ ಇದ್ದರು.

2012: ಬಿಕ್ಕಟ್ಟು

ಇಷ್ಟೆಲ್ಲ ಆದರೂ ಒಂದು ದೌರ್ಬಲ್ಯ ಹಾಗೆಯೇ ಉಳಿದಿತ್ತು. ಬೆಕ್ಕುಗಳಿಗೆ ಕಾನೂನಿನ ರಕ್ಷಣೆ ಇತ್ತು, ಗುಂಪನ್ನು ನೋಡಿಕೊಳ್ಳುವವರಿಗೆ ಮಾನ್ಯತೆ ಇತ್ತು. ಆದರೆ ಅವರು ಕೂತಿದ್ದ ನೆಲಮಾಳಿಗೆಗೆ ಕಾಗದಪತ್ರ ಇರಲಿಲ್ಲ. ಶೌಚಾಲಯ ಕಟ್ಟಿಕೊಳ್ಳಲು ತಾಣ ನಡೆಸುವವರು ಅನುಮತಿ ಕೇಳಿದಾಗ ವಿಷಯ ಎದ್ದಿತು ಎಂದು ಅಂದಿನ ಪತ್ರಿಕೆಗಳು ಬರೆದವು. ದಿನವಿಡೀ ದುಡಿಯುವ ಸ್ವಯಂಸೇವಕರಿಗೆ ಒಂದು ಶೌಚಾಲಯ ಬೇಕೆಂದು ನಿಯಮದ ಪ್ರಕಾರವೇ ಅರ್ಜಿ ಹಾಕಿದ್ದು ಇಡೀ ತಾಣದ ಬುಡಕ್ಕೆ ಬಂತು.

ಪುರಾತತ್ವ ಅಧಿಕಾರಿಗಳ ವಾದವನ್ನು ತಳ್ಳಿಹಾಕುವಂತಿಲ್ಲ, ಅದನ್ನು ನ್ಯಾಯವಾಗಿ ಮುಂದಿಡಬೇಕು. ಇದು ರೋಮ್‌ನ ಅತಿ ಮುಖ್ಯ ಅವಶೇಷಗಳಲ್ಲಿ ಒಂದು. ತಾಣವು ದೇವಾಲಯವೊಂದರ ಮೈಮೇಲೆಯೇ ಇದೆ. ನೀರು, ಕೊಳಚೆ, ಪಂಜರಗಳು ಹಳೆಯ ಕಲ್ಲಿಗೆ ಒಳ್ಳೆಯವಲ್ಲ. ಬೆಕ್ಕುಗಳು ಇರಲಿ, ಬೇಡವೆನ್ನುವುದಿಲ್ಲ. ಆದರೆ ಸಂರಕ್ಷಿತ ಸ್ಮಾರಕದೊಳಗೆ ಕಟ್ಟಿಕೊಂಡ ಕೋಣೆಗಳನ್ನು ಹೇಗೆ ಒಪ್ಪುವುದು? ಒಬ್ಬರಿಗೆ ಬಿಟ್ಟರೆ ನಾಳೆ ಇನ್ನೊಬ್ಬರು ಬರುತ್ತಾರೆ. ಹಂಪಿಯ ಮಂಟಪಗಳಲ್ಲಿ ಅಂಗಡಿ, ಮನೆ ಕಟ್ಟಿಕೊಂಡವರ ತೆರವಿನ ವಿವಾದವನ್ನು ಕಂಡ ಕನ್ನಡಿಗರಿಗೆ ಈ ವಾದದ ಎರಡೂ ಮಗ್ಗುಲು ಚೆನ್ನಾಗಿ ಅರ್ಥವಾಗುತ್ತವೆ.

ಆದರೂ ನಾನು ಬೆಕ್ಕುಗಳ ಕಡೆಯವನು, ಅದಕ್ಕೆ ಕಾರಣ ಬರೀ ಮಮತೆಯಲ್ಲ. ಬೆಕ್ಕುಗಳು ಇರಲಿ, ತಾಣ ಹೋಗಲಿ ಎಂಬ ಮಾತಿನಲ್ಲಿ ಒಂದು ದೊಡ್ಡ ತಪ್ಪು ತಿಳಿವಳಿಕೆ ಅಡಗಿದೆ. ತಾಣವಿಲ್ಲದೆ ಆ ಬೆಕ್ಕುಗಳು ಇರುವ ಹಾಗೆ ಇರುವುದಿಲ್ಲ. ಶಸ್ತ್ರಚಿಕಿತ್ಸೆಗೆ ಒಯ್ದ ಹೆಣ್ಣು ಬೆಕ್ಕನ್ನು ಅಂದೇ ರಾತ್ರಿ ಮಳೆಯಲ್ಲಿ ಬಿಡಲಾಗದು. ಹೊಲಿಗೆ ಒಣಗುವವರೆಗೆ ಅದಕ್ಕೆ ಒಂದು ಪಂಜರ, ಒಂದು ಒಣ ಮೂಲೆ ಬೇಕು. ಹೊಸದಾಗಿ ತಂದು ಎಸೆದ ಬೆಕ್ಕಿಗೆ ರೋಗವಿದೆಯೇ ಎಂದು ನೋಡುವ ತನಕ ಬೇರೆ ಇಡಬೇಕು. ಕುರುಡು ಬೆಕ್ಕು ಟ್ರ್ಯಾಮ್ ಓಡಾಡುವ ರಸ್ತೆಯ ಪಕ್ಕದಲ್ಲಿ ಬದುಕಲಾರದು. ಆ ತಗ್ಗು ಚಾವಣಿಯ ಕೋಣೆಯನ್ನು ಕಿತ್ತರೆ ಮಿಕ್ಕುವುದು 1993ಕ್ಕೆ ಮುಂಚಿನ ಹಳ್ಳ: ಕಂಬಿ, ಕಾಗದದ ಪೊಟ್ಟಣ, ಸಾಯುವ ಮರಿಗಳು. ಇನ್ನೊಂದು ಮಾತನ್ನೂ ಹೇಳಬೇಕು. ಉದ್ಘಾಟನೆಯಾದ ಮೇಲೆ ಹತ್ತಿರಹತ್ತಿರ ಒಂದು ಶತಮಾನ ಆ ಅವಶೇಷಗಳು ಸಾರ್ವಜನಿಕರಿಗೆ ಮುಚ್ಚಿದ್ದವು. ಆ ಕಾಲದಲ್ಲಿ ದಿನವೂ ತಪ್ಪದೆ ಅಲ್ಲಿಗೆ ಇಳಿದವರು ಯಾರೆಂದು ಕೇಳಿದರೆ, ಬೆಕ್ಕುಗಳ ಕೆಲಸದವರು. ದೂರದೂರದ ಜನ ಆ ಚೌಕದ ಹೆಸರು ಕಲಿತದ್ದೂ ಅವರಿಂದ, ಅವರ ಬೆಕ್ಕುಗಳಿಂದ.

ಸುದ್ದಿ ಹರಡುತ್ತಿದ್ದಂತೆ ಅದು ಮೈಸುಟ್ಟ ಬೆಕ್ಕಿನಂತೆ ಊರೆಲ್ಲ ಓಡಾಡಿತು. ತಾಣವನ್ನು ಉಳಿಸಿ ಎಂಬ ಮನವಿಗೆ 30,000ಕ್ಕೂ ಹೆಚ್ಚು ಸಹಿಗಳು ಬಂದವು. ವಿದೇಶದ ಪತ್ರಿಕೆಗಳು ಬರೆದವು. ಆಗ ಮೇಯರ್ ಆಗಿದ್ದ ಜಾನಿ ಅಲೆಮಾನೊ ಬೆಕ್ಕುಗಳ ತಾಣದ ಪರ ನಿಂತರು. ಅಲೆಮಾನೊ ಬಲಪಂಥೀಯ ರಾಜಕಾರಣಿ. ಬೆಕ್ಕಮ್ಮಂದಿರಲ್ಲಿ ಎಲ್ಲ ಪಕ್ಷದವರೂ ಇದ್ದರು. ಬೆಕ್ಕಿನ ವಿಷಯಕ್ಕೆ ಬಂದಾಗ ರೋಮ್‌ನಲ್ಲಿ ಪಕ್ಷ ನಡೆಯುವುದಿಲ್ಲ. ಬೆಕ್ಕಿನ ಕೊರಳಿಗೆ ಗಂಟೆ ಕಟ್ಟುವವರು ಯಾರು ಎಂಬ ಪ್ರಶ್ನೆ ಇಲ್ಲಿ ಅಧಿಕಾರಿಗಳ ಮುಂದೆ ನಿಂತಿತು: ತೆರವಿನ ಮಾತು ಆಡಿದವರಿದ್ದರು, ಬೀಗ ಜಡಿಯಲು ಮುಂದೆ ಬಂದವರು ಇರಲಿಲ್ಲ. ತಾಣ ಉಳಿಯಿತು.

ಸಹಿಗಳಿಂದ ಉಳಿಯಿತು ಎಂದು ಹೇಳಿದರೆ ಅರ್ಧ ಮಾತು ಹೇಳಿದಂತೆ. ಆ ಸಹಿಗಳನ್ನು ಹಾಕಿದವರು ಎಲ್ಲಿಂದ ಬಂದರು? ಇಪ್ಪತ್ತು ವರ್ಷ ಬಾಗಿಲು ತೆರೆದಿಟ್ಟಿದ್ದಕ್ಕೆ, ಒಳಗಿಳಿದು ಒಂದು ಕಣ್ಣಿನ ಬೆಕ್ಕನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೋದವರು ಅಷ್ಟೊಂದು ಜನ ಇದ್ದರು. ಕಂಬಿ ಮುಚ್ಚಿ ಒಳಗೊಳಗೇ ಸೇವೆ ಮಾಡಿದ್ದರೆ ಆ ದಿನ ಅವರ ಪರವಾಗಿ ನಿಲ್ಲುವವರು ನೆರೆಮನೆಯವರಷ್ಟೇ ಆಗಿರುತ್ತಿದ್ದರು, ಅವರಲ್ಲೂ ಕೆಲವರು ವಿರೋಧಿಗಳೇ. ಎದುರಾಳಿಗಳ ಬಾಯಿ ಕಟ್ಟಿದ್ದು ಇನ್ನೊಂದು: ಇಲ್ಲಿ ಬೆಕ್ಕುಗಳು ಮಿತಿಮೀರಿ ಬೆಳೆಯುತ್ತಿವೆ ಎಂದು ಆರೋಪಿಸಲು ಆಧಾರವೇ ಸಿಗಲಿಲ್ಲ. ತಾಣದ ಪ್ರತಿ ಬೆಕ್ಕಿಗೂ ಶಸ್ತ್ರಚಿಕಿತ್ಸೆಯಾಗಿತ್ತು.

ಆಮೇಲೆ

2023ರ ಜೂನ್‌ನಲ್ಲಿ ಈ ಹಳ್ಳದ ಬಾಗಿಲು ಕೊನೆಗೂ ಜನರಿಗೆ ತೆರೆಯಿತು. ಬುಲ್ಗರಿ ಆಭರಣ ಕಂಪನಿ ಕೊಟ್ಟ ಸುಮಾರು 10 ಲಕ್ಷ ಯೂರೊ ನೆರವಿನಲ್ಲಿ ನಗರಾಡಳಿತ ಎತ್ತರಿಸಿದ ನಡೆದಾರಿಗಳನ್ನು ಹಾಕಿಸಿತು. ಈಗ ಗಾಲಿಕುರ್ಚಿಯಲ್ಲಿ ಬಂದವರೂ ದೇವಾಲಯಗಳ ಮಗ್ಗುಲಲ್ಲೇ ಸಾಗಬಹುದು, ಸೀಸರ್ ಬಿದ್ದ ಸಭಾಂಗಣದ ಅಳಿದುಳಿದ ಕಲ್ಲುಗಳನ್ನು ಹತ್ತಿರದಿಂದ ನೋಡಬಹುದು. ಯೋಜನೆ ಪ್ರಕಟವಾದಾಗ ಹಲವರು ಮೊದಲು ಕೇಳಿದ ಪ್ರಶ್ನೆ, ಬೆಕ್ಕುಗಳ ಗತಿಯೇನು ಎಂಬುದು. ಅವು ಅಲ್ಲೇ ಇರುತ್ತವೆ ಎಂದು ಉತ್ತರ ಬಂತು, ಹಾಗೆಯೇ ಇವೆ.

ಮೂಲೆಯ ಮೆಟ್ಟಿಲು ಇಳಿದರೆ ಆ ಕೋಣೆ ಈಗಲೂ ಸಿಗುತ್ತದೆ. ಬಾಗಿಲಲ್ಲಿ ಹುಂಡಿ, ಒಳಗೆ ಔಷಧಿಯ ಮತ್ತು ಒಣ ಆಹಾರದ ಬೆರೆತ ವಾಸನೆ, ತಲೆ ತಗ್ಗಿಸಿಕೊಂಡು ಬಟ್ಟಲು ಜೋಡಿಸುತ್ತಿರುವ ಸ್ವಯಂಸೇವಕರು. ಹೊರಗೆ, ಎರಡು ಸಾವಿರ ವರ್ಷ ಹಳೆಯ ಕಲ್ಲಿನ ಮೇಲೆ ಬಿಸಿಲು ಬೀಳುವ ಜಾಗದಲ್ಲಿ, ಕಿವಿಯ ತುದಿ ಕಚ್ಚಾದ ಒಂದು ಬೆಕ್ಕು ನಾಲ್ಕೂ ಕಾಲು ಚಾಚಿ ಮಲಗಿರುತ್ತದೆ.